ಶಿಕಾಗೋದಲ್ಲಿ ಎರಡು ಕರಕ್ ಚಹಾ

ಅಮೆರಿಕದ ಬಗ್ಗೆ ನನಗೆ ಯಾರೂ ಹೊಸದಾಗಿ ಏನೂ ಹೇಳಿಕೊಡಬೇಕಾಗಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ಉಡುಪಿಯಲ್ಲಿ ಬಿ.ಎ. ಓದುವಾಗ ರಾಜ್ಯಶಾಸ್ತ್ರದಲ್ಲಿ ಅಮೆರಿಕದ ಸಂವಿಧಾನದ ಮೇಲೆ ಒಂದು ಇಡೀ ಪತ್ರಿಕೆಯೇ ಇತ್ತು. ಅದರಲ್ಲಿ ನಾನು ತರಗತಿಗೆ ಎರಡನೆಯವನು. ಮೊದಲನೆಯವಳು ಮದುವೆಯಾಗಿ ಮುಂಬೈಗೆ ಹೋದ ಮೇಲೆ ಆ ವಿಷಯದಲ್ಲಿ ನನಗಿಂತ ತಿಳಿದವರು ನಮ್ಮ ಕಡೆ ಯಾರೂ ಉಳಿದಿರಲಿಲ್ಲ.

ಹಾಗಾಗಿ ದೋಹಾದ ನಮ್ಮ ಕಂಪೆನಿಯವರು ಹೊಸ ಸಾಫ್ಟ್‌ವೇರ್ ಕಲಿತು ಬನ್ನಿ ಎಂದು ನನ್ನನ್ನೂ ಶರೀಫನನ್ನೂ ಐದು ದಿನಗಳ ಮಟ್ಟಿಗೆ ಶಿಕಾಗೋಗೆ ಕಳಿಸಿದಾಗ, ನಾನು ಹೋಗುತ್ತಿರುವುದು ಕಲಿಯಲು, ಶರೀಫ ಹೋಗುತ್ತಿರುವುದು ನನ್ನ ಜೊತೆ ಸುರಕ್ಷಿತವಾಗಿರಲು ಎಂದೇ ಭಾವಿಸಿದ್ದೆ. ಶರೀಫ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು, ಉಪ್ಪಿನಂಗಡಿಯವನು. ದೋಹಾದಲ್ಲಿ ಅವನ ಮನೆ ಮದೀನತ್ ಖಲೀಫಾದಲ್ಲಿ, ನನ್ನದು ಬಿನ್ ಒಮ್ರಾನಿನಲ್ಲಿ. ಅವನ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ಜಗಳಕ್ಕೆ ತುಳು, ಉಳಿದೆಲ್ಲಕ್ಕೂ ಕನ್ನಡ. ಹನ್ನೊಂದು ವರ್ಷದಿಂದ ಇದೇ ಏರ್ಪಾಡು.

ಹೊರಡುವ ದಿನ ಅವನ ಹೆಂಡತಿ ಜುಬೈದಾ ನಾಲ್ಕು ತಿಂಗಳ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಬಂದಳು.

“ವಿಕ್ಟರಣ್ಣ, ನೀವು ಓದಿದವರು. ಇವರಿಗೆ ಎಲ್ಲದಕ್ಕೂ ಅವಸರ. ಹೇಗೆ ಕಳಿಸ್ತಿದ್ದೇನೋ ಹಾಗೇ ಕರ್ಕೊಂಡು ಬನ್ನಿ, ಆಯ್ತಾ?”

“ಅದು ನನ್ನ ಜವಾಬ್ದಾರಿ” ಎಂದೆ. ಅಷ್ಟೇ ಹೇಳಿ ಸುಮ್ಮನಾಗಬಹುದಿತ್ತು. “ಶರೀಫ ನನ್ನ ಮಾತು ಒಂದು ಕೇಳಿದರೆ ಸಾಕು, ಏನೂ ಆಗುವುದಿಲ್ಲ” ಎಂದೂ ಸೇರಿಸಿದೆ.

ನನ್ನ ಮುನ್ನೆಚ್ಚರಿಕೆಗಳು ಅದಾಗಲೇ ಆರಂಭವಾಗಿದ್ದವು. ದೊಡ್ಡ ಊರು ಎಂದ ಮೇಲೆ ಜೇಬುಗಳ್ಳರು ಇದ್ದೇ ಇರುತ್ತಾರೆ. ಆದ್ದರಿಂದ ನಮ್ಮಿಬ್ಬರ ಜಾಕೆಟ್ಟಿನ ಒಳಗೂ ಒಂದೊಂದು ರಹಸ್ಯ ಜೇಬು ಹೊಲಿಯುವಂತೆ ನನ್ನ ಹೆಂಡತಿ ಜಸಿಂತಾಳಿಗೆ ಹೇಳಿದ್ದೆ. ಜಸಿಂತಾ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಇಗರ್ಜಿಯಲ್ಲಿ ಮಗಳು ಮೊದಲ ಪರಮಪ್ರಸಾದ ಸ್ವೀಕರಿಸಿದ ದಿನದ ಫ್ರಾಕಿನಲ್ಲಿ ಉಳಿದಿದ್ದ ಬಿಳಿ ಸ್ಯಾಟಿನ್ ಬಟ್ಟೆಯಿಂದ ಜೇಬು ಮಾಡಿ, ಹಳೆಯ ಶಾಲೆಯ ಚೀಲದ ಜಿಪ್ಪನ್ನು ಕಿತ್ತು ಅದರ ಬಾಯಿಗೆ ಹಾಕಿದಳು.

“ಇಷ್ಟು ಒಳಗೆ, ಇಷ್ಟು ಬಿಗಿ ಜಿಪ್ಪು. ಬೇಕಾದಾಗ ತೆಗೆಯುವುದು ಹೇಗೆ?” ಎಂದು ಕೇಳಿದಳು.

“ಕಳ್ಳನ ಕೈಗೆ ಸಿಗಬಾರದಲ್ಲ.”

“ನಿಮ್ಮ ಕೈಗೂ ಸಿಗಬಾರದಾ?”

ಅವಳಿಗೆ ಅಮೆರಿಕ ಗೊತ್ತಿಲ್ಲ ಎಂದುಕೊಂಡೆ.

ನಾಲ್ಕು ದಿನ ತರಗತಿಯಲ್ಲೇ ಕಳೆಯಿತು. ಐದನೆಯ ದಿನ ಶನಿವಾರ, ಪೂರ್ತಿ ನಮ್ಮದು. ಶಿಕಾಗೋಗೂ ದೋಹಾಗೂ ಎಂಟು ಗಂಟೆಗಳ ಅಂತರ. ನಮ್ಮ ದೇಹಗಳು ಅಲ್ಲಿಗೆ ತಲುಪಿದ್ದವು, ನಿದ್ದೆ ಮಾತ್ರ ಇನ್ನೂ ಬಿನ್ ಒಮ್ರಾನಿನಲ್ಲೇ ಇತ್ತು. ನಡೆಯುತ್ತಿದ್ದರೆ ಕಾಲು ನೆಲದಿಂದ ಒಂದಂಗುಲ ಮೇಲಿದ್ದಂತೆ. ಯಾರಾದರೂ ಮಾತಾಡಿದರೆ ಬಾವಿಯ ತಳದಿಂದ ಕರೆದಂತೆ. ಆ ಊರನ್ನು ನಾನು ಕಣ್ಣಿನಿಂದ ನೋಡಿದೆನೋ ಕನಸಿನಲ್ಲಿ ಕಂಡೆನೋ, ಇಂದಿಗೂ ಖಚಿತವಾಗಿ ಹೇಳಲಾರೆ. ಹತ್ತು ನಿಮಿಷಗಳನ್ನು ಬಿಟ್ಟು. ಆ ಹತ್ತು ನಿಮಿಷ ಮಾತ್ರ ಇನ್ನೂ ಕಣ್ಣಮುಂದೆ ನಡೆಯುತ್ತಲೇ ಇದೆ.

ಬೆಳಿಗ್ಗೆ ಸರೋವರದ ದಡಕ್ಕೆ ಹೋದೆವು. ಮಂಜು ನೀರಿನ ಮೇಲೆ ಮಲಗಿತ್ತು. ಆಚೆ ದಡವೇ ಇಲ್ಲ. ಸಣ್ಣ ಸಣ್ಣ ಅಲೆಗಳು ಬಂದು ಕಲ್ಲಿಗೆ ಏನೋ ಹೇಳಿ ಹೋಗುತ್ತಿದ್ದವು.

“ಇದು ಸರೋವರ ಅಲ್ಲ ಮಾರಾಯ, ಸಮುದ್ರ” ಎಂದ ಶರೀಫ.

“ಸರೋವರ. ಪುಸ್ತಕದಲ್ಲಿ ಉಂಟು.”

“ಪುಸ್ತಕ ಬರೆದವ ಪಣಂಬೂರು ನೋಡಿರಲಿಕ್ಕಿಲ್ಲ.”

ಕರಾವಳಿಯ ಇಬ್ಬರ ನಡುವೆ ಇಂಥ ವ್ಯಾಜ್ಯವನ್ನು ತೀರಿಸಲು ಇರುವುದು ಒಂದೇ ದಾರಿ. ನಾನು ಕಲ್ಲುಗಳ ಮೇಲೆ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ಮುಟ್ಟಿಸಿದೆ. ಉಪ್ಪಿಲ್ಲ. ಶರೀಫ ನಂಬಲಿಲ್ಲ. ಅವನೂ ಬಗ್ಗಿ ಒಂದು ಗುಟುಕು ಕುಡಿದ. ಜಾಕೆಟ್ಟು ಹಾಕಿದ ಇಬ್ಬರು ನಡುವಯಸ್ಸಿನ ಗಂಡಸರು ಮುಂಜಾನೆಯ ಮಂಜಿನಲ್ಲಿ ಸರೋವರ ಕುಡಿಯುತ್ತಿರುವುದನ್ನು ಕಂಡು, ಓಡುತ್ತಿದ್ದ ಹೆಂಗಸೊಬ್ಬಳು ನಕ್ಕು “ಹೇಗಿದ್ದೀರಿ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಶರೀಫ ಬಾಯಿ ಒರೆಸಿಕೊಂಡು ಉತ್ತರಕ್ಕೆ ಸಿದ್ಧನಾಗುವಷ್ಟರಲ್ಲಿ ಅವಳು ಐದನೆಯ ಮರ ದಾಟಿದ್ದಳು.

ಹೀಗೆ ಆ ದಿನ ನಮ್ಮನ್ನು ಏಳೆಂಟು ಜನ ಹೇಗಿದ್ದೀರಿ ಎಂದು ಕೇಳಿದರು. ಒಬ್ಬರೂ ಉತ್ತರಕ್ಕೆ ನಿಲ್ಲಲಿಲ್ಲ. ಶರೀಫನಿಗೆ ಬೇಸರವೇ ಆಯಿತು. “ಕೇಳಿದ್ದು ಯಾಕೆ ಹಾಗಾದ್ರೆ? ನನಗೆ ಹೇಳಲಿಕ್ಕೆ ಎಷ್ಟು ಉಂಟು ಗೊತ್ತುಂಟಾ?”

ಗಾಜಿನ ಗೋಪುರಗಳು ನಮ್ಮನ್ನು ಹೆಚ್ಚು ಬೆರಗುಗೊಳಿಸಲಿಲ್ಲ. ದೋಹಾದವರಿಗೆ ಅವು ಅಂಗಳದ ತೆಂಗಿನ ಮರ ಇದ್ದ ಹಾಗೆ, ತಲೆ ಎತ್ತಿ ನೋಡುವ ಅಭ್ಯಾಸವೇ ತಪ್ಪಿದೆ. ಬೆರಗಾದದ್ದು ಜನ ನಡೆಯುವುದನ್ನು ಕಂಡು. ಕಾರಿಲ್ಲದೆ, ಕಾರಣವಿಲ್ಲದೆ, ಅಷ್ಟೊಂದು ಜನ ಬೀದಿಯಲ್ಲಿ ಸುಮ್ಮನೆ ನಡೆಯುತ್ತಿದ್ದರು. ನಾಯಿಗಳು ಬೂಟು ಹಾಕಿಕೊಂಡು ನಡೆಯುತ್ತಿದ್ದವು. ಒಂದು ನಾಯಿ ಮಾತ್ರ ನಡೆಯುತ್ತಿರಲಿಲ್ಲ, ಅದನ್ನು ಮಗುವಿನ ತಳ್ಳುಗಾಡಿಯಲ್ಲಿ ಕೂರಿಸಿದ್ದರು. ನೆತ್ತಿಯ ಮೇಲೆ ಕಬ್ಬಿಣದ ಕಂಬಗಳ ಮೇಲಿಂದ ರೈಲು ಹೋಗುತ್ತಿತ್ತು, ಎರಡನೆಯ ಮಹಡಿಯ ಕಿಟಕಿಗಳನ್ನು ಸವರಿಕೊಂಡು. ಒಂದು ಕಿಟಕಿಯಲ್ಲಿ ಯಾರೋ ಶಾಂತವಾಗಿ ಗಿಡಕ್ಕೆ ನೀರು ಹಾಕುತ್ತಿದ್ದರು.

ಆ ಊರಿನವರು ತಮ್ಮ ನದಿಯನ್ನು ಹಿಂದೆ ಒಮ್ಮೆ ಉಲ್ಟಾ ಹರಿಯುವಂತೆ ಮಾಡಿದ್ದಾರೆಂದು, ನದಿ ಸುತ್ತಲು ನಾವು ಹತ್ತಿದ ದೋಣಿಯ ಮಾರ್ಗದರ್ಶಿ ಹೇಳಿದಾಗ, ನೇತ್ರಾವತಿಯ ದಡದಲ್ಲಿ ಹುಟ್ಟಿದ ಶರೀಫ ಬಹಳ ಹೊತ್ತು ನೀರನ್ನೇ ನೋಡುತ್ತ ಕೂತ. ಕಡೆಗೆ, “ನಮ್ಮಲ್ಲಿ ಸ್ವಲ್ಪ ತಿರುಗಿಸ್ತೇವೆ ಅಂದದ್ದಕ್ಕೇ ಎಷ್ಟು ಬಂದ್ ಆಯ್ತು. ಇವರು ಪೂರ್ತಿ ತಿರುಗಿಸಿ ಟಿಕೆಟ್ ಬೇರೆ ಇಟ್ಟಿದ್ದಾರೆ” ಎಂದ.

ಮಧ್ಯಾಹ್ನ ಸಣ್ಣ ಮಳೆ ಬಂತು. ಊರಿನವರೆಲ್ಲ ಕೊಡೆ ಬಿಚ್ಚಿ ಬೇಗ ಬೇಗ ಹೆಜ್ಜೆ ಹಾಕಿದರು. ನಾವಿಬ್ಬರೂ ಚೌಕದ ನಡುವೆ ಮುಖ ಮೇಲೆತ್ತಿ ನಿಂತೆವು. ದೋಹಾದಲ್ಲಿ ನಾಲ್ಕು ಹನಿ ಬಿದ್ದರೆ ವಿಡಿಯೋ ಮಾಡಿ ಊರಿಗೆ ಕಳಿಸುವವರು ನಾವು. ಕಣ್ಣು ಮುಚ್ಚಿದಾಗ ಹನಿಗಳ ಹಿಂದೆ ಎಲ್ಲೋ ನಿದ್ದೆಯೂ ನಿಂತು ಕರೆಯುತ್ತಿತ್ತು. ಈ ದಿನ ಹೀಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಆದರೆ ಮೂರು ಗಂಟೆಗೆ ಚಹಾದ ನೆನಪಾಯಿತು.

ದೋಹಾದಲ್ಲಿ ಚಹಾ ಕುಡಿಯುವ ಕ್ರಮವನ್ನು ಇಲ್ಲಿ ಹೇಳಬೇಕು. ಅಲ್ಲಿ ಹಾಲು, ಏಲಕ್ಕಿ ಹಾಕಿ ಕುದಿಸಿ ಕುದಿಸಿ ಕೆಂಪಾಗಿಸಿದ ಚಹಾಕ್ಕೆ ಕರಕ್ ಎನ್ನುತ್ತಾರೆ. ಅದನ್ನು ಕುಡಿಯಲು ಕಾರಿನಿಂದ ಯಾರೂ ಇಳಿಯುವುದಿಲ್ಲ. ಅಂಗಡಿಯ ಮುಂದೆ ಕಾರು ನಿಲ್ಲಿಸಿ ಎರಡು ಸಲ ಹಾರ್ನ್ ಒತ್ತಬೇಕು. ಒಳಗಿನವನು ತಲೆ ಎತ್ತಿದಾಗ ಗಾಜಿನ ಹಿಂದಿನಿಂದಲೇ ಬೆರಳು ತೋರಿಸಬೇಕು. ಎರಡು ಬೆರಳಿಗೆ ಎರಡು, ಮೂರು ಬೆರಳಿಗೆ ಮೂರು. ಚಹಾ ಕಿಟಕಿಗೇ ಬರುತ್ತದೆ. ಹನ್ನೊಂದು ವರ್ಷದಿಂದ ನಾನು ಬಾಯಿ ಬಿಟ್ಟು ಚಹಾ ಕೇಳಿದ್ದೇ ಇಲ್ಲ. ಇದು ಒಂದು ಊರಿನ ಪದ್ಧತಿ ಎಂಬುದೇ ನನಗೆ ಮರೆತುಹೋಗಿತ್ತು. ಚಹಾದ ಸ್ವಭಾವವೇ ಹೀಗೆ ಎಂದುಕೊಂಡಿದ್ದೆ.

ಆ ಹೊತ್ತಿಗೆ ನಾವು ಬಾಡಿಗೆಯ ಕಾರಿನಲ್ಲಿದ್ದೆವು. ಕಾರು ಶರೀಫನ ಹೆಸರಿನಲ್ಲಿ, ಅದರ ಕಾಗದ ಅವನ ರಹಸ್ಯ ಜೇಬಿನಲ್ಲಿ, ಸ್ಟಿಯರಿಂಗ್ ನನ್ನ ಕೈಯಲ್ಲಿ. ಇಟ್ಟಿಗೆಯ ಮನೆಗಳ ಒಂದು ನಿಶ್ಶಬ್ದ ಬೀದಿ. ಎರಡೂ ಬದಿಯಲ್ಲಿ ಹಳದಿ ಎಲೆಯ ಮರಗಳು, ಎಲೆಗಳು ಒಂದೊಂದಾಗಿ ಯೋಚಿಸಿ ಯೋಚಿಸಿ ಬೀಳುತ್ತಿದ್ದವು. ಮೂಲೆಯಲ್ಲಿ ಒಂದು ಕಾಫಿ ಅಂಗಡಿ. ಬೀದಿಯುದ್ದಕ್ಕೂ ಕಾರುಗಳು ಒತ್ತೊತ್ತಾಗಿ ನಿಂತಿದ್ದರೂ ಅಂಗಡಿಯ ಎದುರಿಗೇ ಒಂದು ಕಾರಿನಷ್ಟು ಜಾಗ ಖಾಲಿ. ದೋಹಾದಲ್ಲಿ ಇಂಥ ಜಾಗಕ್ಕಾಗಿ ನಾನು ಜಪಸರ ಹಿಡಿದು ಮೂರು ಸುತ್ತು ಹೊಡೆದದ್ದುಂಟು.

“ಈ ಕೆಂಪು ಕಂಬ ಎಂತದು?” ಎಂದ ಶರೀಫ. ಖಾಲಿ ಜಾಗದ ಪಕ್ಕದಲ್ಲಿ ಸೊಂಟದೆತ್ತರದ ಕಬ್ಬಿಣದ ಕಂಬವೊಂದಿತ್ತು.

“ಅಲಂಕಾರಕ್ಕೆ. ಇವರಿಗೆ ಹಳೆಯದೆಲ್ಲ ಇಟ್ಟುಕೊಳ್ಳುವ ಪ್ರೀತಿ” ಎಂದು ಕಾರು ನಿಲ್ಲಿಸಿದೆ. ಎರಡು ಸಲ ಹಾರ್ನ್ ಒತ್ತಿದೆ.

ಅಂಗಡಿಯ ಹುಡುಗಿ ಗಾಜಿನಾಚೆ ತಲೆ ಎತ್ತಿದಳು. ನಾನು ಎರಡು ಬೆರಳು ತೋರಿಸಿದೆ. ಅವಳು ನಗುತ್ತ ಕೈ ಬೀಸಿ ತನ್ನ ಕೆಲಸಕ್ಕೆ ತಿರುಗಿದಳು.

“ಆರ್ಡರ್ ಆಯ್ತು” ಎಂದೆ.

ಐದು ನಿಮಿಷ ಕಾದೆವು. ಮತ್ತೆ ಎರಡು ಹಾರ್ನ್. ಎದುರು ಮನೆಯ ಪರದೆ ಸರಿಯಿತು. ಇನ್ನೆರಡು. ಬೂಟು ಹಾಕಿದ ನಾಯಿಯೊಂದು ನಿಂತು ನಮ್ಮನ್ನು ನೋಡಿತು, ಅದರ ಹಿಂದಿದ್ದ ಅಜ್ಜಿಯೂ.

“ಸಾಕು ಮಾರಾಯ, ಇಳಿದು ಹೋಗುವ” ಎಂದ ಶರೀಫ.

“ಇಳಿಯುವುದಾ? ಚಹಾಕ್ಕೆ?” ಎಂದು ಮತ್ತೊಮ್ಮೆ ಒತ್ತಿದೆ. ಈ ಬಾರಿ ಸ್ವಲ್ಪ ದೀರ್ಘವಾಗಿ.

ಆಗ ನನ್ನ ಬದಿಯ ಗಾಜಿಗೆ ಯಾರೋ ತಟ್ಟಿದರು. ಅಂತೂ ಬಂತಲ್ಲ ಎಂದು ಗಾಜು ಇಳಿಸಿ, ಆ ಕಡೆ ನೋಡದೆಯೇ, “ಎರಡು ಚಹಾ, ಒಂದಕ್ಕೆ ಸಕ್ಕರೆ ಕಡಿಮೆ” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ತಿರುಗಿ ನೋಡಿದರೆ ಕಿಟಕಿಯ ಮಟ್ಟಕ್ಕೆ ಕಂಡದ್ದು ಏಪ್ರನ್ ಅಲ್ಲ, ಚರ್ಮದ ಅಗಲವಾದ ಬೆಲ್ಟು. ಬೆಲ್ಟಿನಲ್ಲಿ ಒಂದು ಪಿಸ್ತೂಲು.

ಮೇಲೆ ಮುಖವೂ ಇತ್ತು. ಬಿಳಿ ಮೀಸೆಯ, ವಯಸ್ಸಾದ ಪೊಲೀಸ್ ಅಧಿಕಾರಿ. ಲೈಸೆನ್ಸ್ ಕೇಳಿದ. ಅಂಗಿಯ ಜೇಬಿನಿಂದ ಕೊಟ್ಟೆ. ಕಾರಿನ ಕಾಗದ ಕೇಳಿದ. ಇಷ್ಟರವರೆಗೆ ಎಲ್ಲ ಸರಿಯಾಗಿಯೇ ಇತ್ತು. ನನ್ನ ತಿಳಿವಳಿಕೆ ನಡುವೆ ಬರದಿದ್ದರೆ ಕೊನೆಯವರೆಗೂ ಸರಿಯಾಗಿಯೇ ಇರುತ್ತಿತ್ತು.

“ಶರೀಫ, ಇಳಿ” ಎಂದೆ.

“ಕೂತಲ್ಲಿಂದಲೇ ಕೊಡ್ತೇನಲ್ಲ.”

“ಅಧಿಕಾರಿ ನಿಂತಿರುವಾಗ ನಾವು ಕಾಲು ಚಾಚಿ ಕೂತಿರುವುದಾ? ಇಳಿದು, ಸುತ್ತಿ ಬಂದು, ಎರಡು ಕೈಯಲ್ಲಿ ಕೊಡು. ಸ್ವಲ್ಪ ಮರ್ಯಾದೆ ಇರಲಿ.”

ಶರೀಫ ಹನ್ನೊಂದು ವರ್ಷಗಳಲ್ಲಿ ನನ್ನ ಮಾತನ್ನು ಒಂದೇ ಸಲಕ್ಕೆ ಕೇಳಿದ್ದು ಅಪರೂಪ. ಅಂದು ಕೇಳಿದ. ಥಟ್ಟನೆ ಬಾಗಿಲು ತೆರೆದು ಹೊರಗೆ ನಿಂತು, ಬಲಗೈಯನ್ನು ಜಾಕೆಟ್ಟಿನ ಒಳಗೆ ಹಾಕಿದ.

ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದ. ಅವನ ಕೈ ಬೆಲ್ಟಿಗೆ ಹೋಯಿತು. “ಕೈ ತೋರಿಸು” ಎಂದು ಕಾರಿನ ಮೇಲಿಂದ ಕೂಗಿದ.

ಶರೀಫ ತೋರಿಸಲು ಸಿದ್ಧನಿದ್ದ. ಕೈ ಬರಲಿಲ್ಲ. ಜಸಿಂತಾಳ ಜಿಪ್ಪು ಅವನ ಅಂಗಿಯ ತೋಳನ್ನು ಕಚ್ಚಿ ಹಿಡಿದಿತ್ತು. ಅವನು ಎಳೆದ. ಎಳೆದಷ್ಟೂ, ಜಾಕೆಟ್ಟಿನ ಒಳಗೆ ಅವನು ಏನನ್ನೋ ತೆಗೆಯಲು ಹೆಣಗುತ್ತಿರುವಂತೆ ಕಾಣುತ್ತಿತ್ತು. ಹೆಣಗುತ್ತಿದ್ದದ್ದೂ ನಿಜವೇ.

ಪಿಸ್ತೂಲಿನ ಚೀಲದ ಗುಂಡಿ ಬಿಚ್ಚಿದ ಸದ್ದು ನನಗೆ ಕೇಳಿಸಿತು. ಒಂದು ಹಳದಿ ಎಲೆ ಮರದಿಂದ ಹೊರಟು ಕಾರಿನ ಗಾಜಿನ ಕಡೆಗೆ ಬರುತ್ತಿತ್ತು. ಅದು ಬರುತ್ತಲೇ ಇತ್ತು. ಅಷ್ಟು ನಿಧಾನವಾಗಿ ಯಾವ ಎಲೆಯೂ ಬಿದ್ದದ್ದನ್ನು ನಾನು ನೋಡಿಲ್ಲ. ಪಕ್ಕದ ಬಾಗಿಲಿನಿಂದ ಶರೀಫನ ಎದೆಯಷ್ಟೇ ಕಾಣುತ್ತಿತ್ತು, ಎದೆಯ ಒಳಗೆ ಸಿಕ್ಕಿಕೊಂಡ ಕೈ, ಒಂದು ಬಿಳಿ ಗುಂಡಿ. ಹೇಗೆ ಕಳಿಸ್ತಿದ್ದೇನೋ ಹಾಗೇ ಕರ್ಕೊಂಡು ಬನ್ನಿ, ಆಯ್ತಾ. ಜುಬೈದಾಳ ಹೆಗಲ ಮೇಲೆ ಮಗು ಬಾಯಿ ತೆರೆದು ಮಲಗಿತ್ತು. ಎಲ್ಲೋ ಒಂದು ಕಾರಿನ ಹಾರ್ನ್ ಬಿಡದೆ ಕೂಗುತ್ತಿತ್ತು. ಇಂಥ ಹೊತ್ತಿನಲ್ಲಿ ಹಾರ್ನ್ ಒತ್ತುವವನು ಎಷ್ಟು ಅವಿವೇಕಿಯಿರಬೇಕು ಎಂದುಕೊಂಡೆ.

ನಾನೇ. ಎರಡೂ ಕೈಗಳ ಭಾರವನ್ನು ಅದರ ಮೇಲೆ ಹಾಕಿ ಕೂತಿದ್ದೆ.

ಕೈ ತೆಗೆದೆ. ಆ ನಿಶ್ಶಬ್ದದಲ್ಲಿ, ನನ್ನ ಗೆಳೆಯನ ಜೀವ ಉಳಿಸಲು, ನಾನು ಕಲಿತ ಅಷ್ಟೂ ಇಂಗ್ಲಿಷನ್ನು ಒಟ್ಟುಗೂಡಿಸಿ ಕೂಗಿದೆ: “ಸರ್, ಅವನ ಕೈ ನನ್ನ ಹೆಂಡತಿಯ ಜೇಬಿನಲ್ಲಿ ಸಿಕ್ಕಿಕೊಂಡಿದೆ.”

ಅಧಿಕಾರಿ ನನ್ನನ್ನು ನೋಡಿದ. ಶರೀಫನನ್ನು ನೋಡಿದ. ಹಿಂದಿನ ಸೀಟಿನಲ್ಲಿ ಹೆಂಡತಿ ಎಂಬವಳು ಯಾರಾದರೂ ಇದ್ದಾಳೆಯೇ ಎಂದೂ ನೋಡಿದ. ಆ ಒಂದು ಕ್ಷಣದ ಗೊಂದಲವೇ ನಮ್ಮನ್ನು ಕಾಪಾಡಿತೆಂದು ನಾನು ನಂಬಿದ್ದೇನೆ. ಮುಂದಿನ ಮಾತು ಅವನು ಮೆತ್ತಗೆ ಹೇಳಿದ. “ನಿಧಾನ. ತುಂಬ ನಿಧಾನವಾಗಿ.”

“ಶರೀಫ, ನಿಧಾನ ಅಂತೆ” ಎಂದೆ.

“ಕೇಳಿಸ್ತದೆ. ನೀನು ಇನ್ನು ಎಂತದೂ ಹೇಳಬೇಡ” ಎಂದ ಶರೀಫ, ತುಟಿ ಅಲ್ಲಾಡಿಸದೆ.

ಟರ್ ಎಂದು ಹೊಲಿಗೆ ಬಿಟ್ಟಿತು. ಕೈ ಹೊರಗೆ ಬಂತು. ಕೈಯ ಜೊತೆ ಇಡೀ ಜೇಬೇ ಬಂತು. ಮೊದಲ ಪರಮಪ್ರಸಾದದ ಬಿಳಿ ಸ್ಯಾಟಿನ್ ಅವನ ಮಣಿಕಟ್ಟಿನಿಂದ ತೂಗಾಡುತ್ತ ಶರಣಾಗತಿಯ ಬಾವುಟದಂತೆ ಗಾಳಿಗೆ ಹಾರಿತು. ಪಾಸ್‌ಪೋರ್ಟು, ಕಾರಿನ ಕಾಗದ ಎಲೆಗಳ ಮೇಲೆ ಬಿದ್ದವು.

ಅಧಿಕಾರಿ ಉಸಿರು ಬಿಟ್ಟ. ಪಿಸ್ತೂಲಿನ ಚೀಲದ ಗುಂಡಿಯನ್ನು ಹಾಕಲು ಅವನಿಗೆ ಎರಡು ಪ್ರಯತ್ನ ಬೇಕಾಯಿತು. ಅದನ್ನು ನೋಡಿದ ಮೇಲೆಯೇ ನನಗೆ ನಿಜವಾದ ಹೆದರಿಕೆಯಾದದ್ದು.

ಅವನು ಬಂದದ್ದು ಆ ಕೆಂಪು ಕಂಬಕ್ಕಾಗಿ. ಅದು ಬೆಂಕಿ ಬಿದ್ದಾಗ ನೀರು ತೆಗೆಯುವ ಕೊಳಾಯಿಯಂತೆ. ಅದರ ಮುಂದೆ ಯಾರೂ ಕಾರು ನಿಲ್ಲಿಸುವಂತಿಲ್ಲ, ಇಡೀ ಬೀದಿಗೆ ಗೊತ್ತಿದ್ದ ಸಂಗತಿ. ಪೊಲೀಸರು ನಿಲ್ಲಿಸಿದರೆ ಕಾರಿನಿಂದ ಇಳಿಯಬಾರದು, ಹೇಳುವವರೆಗೆ ಯಾವ ಜೇಬಿಗೂ ಕೈ ಹಾಕಬಾರದು, ಎರಡೂ ಕೈ ಕಾಣುವಂತಿರಬೇಕು ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿದ. ಸಂವಿಧಾನದ ಪತ್ರಿಕೆಯಲ್ಲಿ ಇದು ಇರಲಿಲ್ಲ.

“ಹಾರ್ನ್ ಯಾಕೆ?” ಎಂದು ಕೇಳಿದ.

ದೋಹಾದ ಚಹಾದ ಕ್ರಮವನ್ನು ವಿವರಿಸಿದೆ. ಅವನು ಕಾರಿಗೆ ಒರಗಿ ಕೇಳಿಸಿಕೊಂಡ.

“ಕಾರಿಗೇ ತಂದುಕೊಡ್ತಾರಾ?”

“ಹೌದು ಸರ್.”

“ಮಳೆ ಬಂದರೂ?”

“ಮಳೆಯೇ ಬರುವುದಿಲ್ಲ ಸರ್.”

ಅವನು ಬೀಳುತ್ತಿದ್ದ ಎಲೆಗಳ ಆಚೆ, ಎಲ್ಲೋ ದೂರ ನೋಡಿದ. ನಿವೃತ್ತಿಗೆ ಹತ್ತಿರದ ಮುಖ. “ಒಳ್ಳೆಯ ಊರು” ಎಂದು ಹೇಳಿ, ಲೈಸೆನ್ಸ್ ವಾಪಸು ಕೊಟ್ಟು, ಕಾರು ಸರಿಸಲು ಹೇಳಿ ಹೋದ.

ಎರಡು ಬೀದಿಯಾಚೆ ಕಾರು ನಿಲ್ಲಿಸಿ, ನಡೆದುಕೊಂಡೇ ಅಂಗಡಿಗೆ ಬಂದೆವು. ಕೌಂಟರಿನ ಹುಡುಗಿ ಅದೇ ನಗುವಿನಿಂದ, “ಹೇಗಿದ್ದೀರಿ?” ಎಂದಳು.

ಈ ಸಲ ಕೇಳಿದವಳು ಓಡಿಹೋಗುವಂತಿರಲಿಲ್ಲ. ನಡುವೆ ಕೌಂಟರ್ ಇತ್ತು. ಶರೀಫ ಉತ್ತರಿಸಿದ. ಜೇಬಿನಿಂದ ಹಿಡಿದು ಪಿಸ್ತೂಲಿನವರೆಗೆ, ನಾಲ್ಕು ತಿಂಗಳ ಮಗಳ ಹೆಸರಿನವರೆಗೆ, ಮುರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದ. ಹುಡುಗಿ ಪೂರ್ತಿ ಕೇಳಿದಳು. ಅವನಿಗೊಂದು ಬಿಸ್ಕತ್ತು ಹೆಚ್ಚಿಗೆ ಇಟ್ಟಳು. ನನಗೆ ಇಡಲಿಲ್ಲ.

ಚಹಾ ಎಂದರೆ ಬಿಸಿನೀರಿನ ಲೋಟ, ದಾರದ ತುದಿಯಲ್ಲಿ ಒಂದು ಪೊಟ್ಟಣ. ಕುಡಿದೆವು.

ವಿಮಾನದಲ್ಲಿ, ದೀಪಗಳನ್ನು ಆರಿಸಿದ ಮೇಲೆ, “ನನ್ನನ್ನು ಕ್ಷಮಿಸು ಮಾರಾಯ” ಎಂದೆ.

“ಯಾವುದಕ್ಕೆ ಅಂತ ಕ್ಷಮಿಸಲಿ?” ಎಂದ ಶರೀಫ, ಕಣ್ಣು ಮುಚ್ಚಿಕೊಂಡೇ. “ಜೇಬು ನಿನ್ನದು, ಜಾಗ ನಿನ್ನದು, ಹಾರ್ನ್ ನಿನ್ನದು, ಮರ್ಯಾದೆಯೂ ನಿನ್ನದೇ. ಕೈ ಒಂದು ಮಾತ್ರ ನನ್ನದು.”

ದೋಹಾದಲ್ಲಿ ಜುಬೈದಾ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಜಾಕೆಟ್ಟಿನ ಒಳಗಿನಿಂದ ಬಿಳಿ ದಾರಗಳು ಜೋತಾಡುತ್ತಿದ್ದವು.

“ಇದೆಂತ?”

“ಹೋಟೆಲಿನ ಬಾಗಿಲಿಗೆ ಸಿಕ್ಕಿತು.”

“ವಿಕ್ಟರಣ್ಣ ಇದ್ದರಲ್ಲ ಜೊತೆಯಲ್ಲಿ?”

ಶರೀಫ ಮಗುವನ್ನು ಎತ್ತಿಕೊಂಡು ಅದರ ತಲೆಯನ್ನು ಬಹಳ ಹೊತ್ತು ಮೂಸುತ್ತ ನಿಂತ. ಆಮೇಲೆ ನನ್ನ ಕಡೆ ನೋಡದೆ, “ಇದ್ದ. ಅವನೇ ಬಿಡಿಸಿದ್ದು” ಎಂದ.

“ಅದಕ್ಕೇ ಹೇಳಿದ್ದು, ಓದಿದವರು ಜೊತೆಗಿರಬೇಕು ಅಂತ” ಎಂದಳು ಜುಬೈದಾ. ನನಗೆ ಎರಡು ಬಾರಿ ಕೋಳಿ ಸುಕ್ಕ ಬಡಿಸಿದಳು.

ಮುಂದಿನ ಶುಕ್ರವಾರ ಸಂಜೆ ಎಂದಿನಂತೆ ಬಿನ್ ಒಮ್ರಾನಿನ ನಮ್ಮ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಪಕ್ಕದಲ್ಲಿ ಶರೀಫ. ಆಕಾಶ ಧೂಳಿನಿಂದ ಗುಲಾಬಿಯಾಗಿತ್ತು. ಸುತ್ತ ಕಾರುಗಳು, ಏಲಕ್ಕಿಯ ಪರಿಮಳ. ನನ್ನ ಕೈ ಹಾರ್ನಿನ ಹತ್ತಿರ ಹೋಗಿ ವಾಪಸು ಬಂತು. ಇನ್ನೊಮ್ಮೆ ಹೋಗಿ ವಾಪಸು ಬಂತು.

“ಒತ್ತು ಮಾರಾಯ.”

“ಇಳಿದು ಹೋಗಿ ತರುವ, ಆಗದಾ?”

“ನಿನ್ನ ಮಾತು ಕೇಳಿ ಒಮ್ಮೆ ಇಳಿದದ್ದು ಸಾಕು” ಎಂದು ಶರೀಫ ಈ ಕಡೆ ಬಗ್ಗಿ ತಾನೇ ಎರಡು ಸಲ ಒತ್ತಿದ.

ಸದ್ದು ಕೇಳಿದ್ದೇ ತಡ, ನನ್ನ ಎರಡೂ ಕೈಗಳು ತಾವಾಗಿಯೇ ಮೇಲೆದ್ದವು. ಹತ್ತೂ ಬೆರಳು ಬಿಚ್ಚಿಕೊಂಡು, ಗಾಜಿನ ಹಿಂದೆ, ಸ್ಪಷ್ಟವಾಗಿ ಕಾಣುವಂತೆ. ಕಣ್ಣಮುಂದೆ ಆ ಹಳದಿ ಎಲೆ ಇನ್ನೂ ಬೀಳುತ್ತಿತ್ತು.

ಅಂಗಡಿಯ ಮಲಯಾಳಿ ಕುಂಞಪ್ಪ ತಲೆ ಎತ್ತಿ ನೋಡಿದ. ಸ್ವಲ್ಪ ಆಶ್ಚರ್ಯಪಟ್ಟ, ತಲೆಯಾಡಿಸಿ ಒಳಗೆ ಹೋದ. ಎಂಟು ನಿಮಿಷಗಳ ನಂತರ ಎರಡು ತಟ್ಟೆ ಹಿಡಿದುಕೊಂಡು ಬಂದ.

“ಪಾರ್ಟಿ ಉಂಡೋ ಸಾರೇ?” ಪಾರ್ಟಿ ಉಂಟಾ ಎಂದು ಅವನ ಪ್ರಶ್ನೆ.

ಹತ್ತು ಕರಕ್. ನನ್ನ ಕೈಗಳು ಇನ್ನೂ ಮೇಲೆಯೇ ಇದ್ದುದರಿಂದ, ಅವನ್ನು ಒಂದೊಂದಾಗಿ ಶರೀಫನೇ ಇಳಿಸಿಕೊಳ್ಳಬೇಕಾಯಿತು.